ವಾಸನೆ ಇಲ್ಲದ ಕಾರು

ಹೊನ್ನಾವರದ ಸರ್ವೆ ಆಫೀಸಿನ ಗುಮಾಸ್ತ ಹರಿಹರ ಬ್ಯಾಟರಿ ಕಾರು ಕೊಂಡದ್ದು ದೊಡ್ಡಸ್ತಿಕೆಗಲ್ಲ, ಹೆಂಡತಿಯ ವಾಂತಿಯ ದೆಸೆಯಿಂದ. ಆರು ವರ್ಷದಿಂದ ಮಾಲತಿಗೆ ಬಸ್ಸು ಆಗುತ್ತಿರಲಿಲ್ಲ. ಭಟ್ಕಳದಲ್ಲಿದ್ದ ಗಂಡನ ಅಣ್ಣನ ಮನೆಗೆಂದು ಹೊರಟರೆ ಹೊಳೆಯಾಚೆಯ ಕಾಸರಕೋಡು ದಾಟುವುದರೊಳಗೆ ಅವಳ ತಲೆ ಕಿಟಕಿಯಾಚೆ. ಡೀಸೆಲ್ ವಾಸನೆಯೇ ಇದಕ್ಕೆ ಕಾರಣವೆಂದು ಹರಿಹರನೇ ತೀರ್ಮಾನಿಸಿದ್ದ. ಕುಮಟೆಯ ನಿವೃತ್ತ ಇಂಜಿನಿಯರೊಬ್ಬರು ತಮ್ಮ ಬ್ಯಾಟರಿ ಕಾರು ಮಾರುತ್ತಾರೆಂದು ಕೇಳಿದಾಗ ಅವನಿಗೆ ದೇವರೇ ಕಾರು ಕಳಿಸಿದಂತಾಯಿತು.

ಆಫೀಸಿನಲ್ಲಿ ಒಂದು ತಿಂಗಳು ಲೆಕ್ಕಾಚಾರ ನಡೆಯಿತು.

"ಕಿಲೋಮೀಟರಿಗೆ ನಲವತ್ತು ಪೈಸೆ!" ಎಂದ ಪಕ್ಕದ ಮೇಜಿನ ದಿನಕರ. "ನಡ್ಕಂಡು ಹೋದ್ರೆ ಚಪ್ಪಲಿನೇ ಇದಕ್ಕಿಂತ ಜಾಸ್ತಿ ಸವೀತದೆ ಮಾರಾಯಾ."

"ಮೂರು ವರ್ಷಕ್ಕೆ ಬ್ಯಾಟರಿ ಬದಲಿಸ್ಬೇಕು. ಆವಾಗ ಎಂತ ಮಾಡ್ತೆ?" ಎಂದರು ಹೆಡ್ ಕ್ಲಾರ್ಕು. "ಕರೆಂಟು ಹೋದ್ರೆ ಅದು ಕಾರಲ್ಲ, ತಗಡಿನ ಡಬ್ಬಿ."

ಹರಿಹರ ಎರಡೂ ಕಡೆ ತೂಗಿ ನೋಡಿದ. ಕೊನೆಗೆ ಮಾಲತಿಯ ಬಾಡಿದ ಮುಖವೇ ಭಾರವಾಗಿ, ಪಿ.ಎಫ್. ಸಾಲ ತೆಗೆದು ಕಾರು ತಂದ. ಮಾಲತಿ ಕಾರಿನ ಸುತ್ತ ಒಂದು ಸಲ ಸುತ್ತಿ, "ಇದಕ್ಕೆ ವಾಸನೆನೇ ಇಲ್ವಾ?" ಎಂದು ಕೇಳಿದಳು. "ಚೂರೂ ಇಲ್ಲ" ಎಂದು ಅವನು ಹಿಗ್ಗಿದ.

ಆ ಭಾನುವಾರ ಭಟ್ಕಳದಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥ. ಬೆಳಿಗ್ಗೆ ಹೊರಡುವಾಗ ಪಕ್ಕದ ಮನೆಯ ಲೈನ್‌ಮನ್ ಬೀರಪ್ಪ, "ಕರೆಂಟಿನ ವಿಷಯ ತಿಳಿದವ್ರು ಒಬ್ರು ಜೊತೆಗಿರ್ಬೇಕು" ಎನ್ನುತ್ತ, ಮಕ್ಕಳಿಗಷ್ಟೇ ಸಾಲುವ ಹಿಂದಿನ ಸೀಟಿನಲ್ಲಿ ತನ್ನ ದೇಹವನ್ನು ಗೋಣಿಚೀಲಕ್ಕೆ ಹಲಸಿನಹಣ್ಣು ತುರುಕಿದಂತೆ ತುರುಕಿಕೊಂಡ.

"ಹರಿಹರಣ್ಣ, ಚಾರ್ಜಿನ ಮುಳ್ಳು ಕೆಳಗೇ ಉಂಟಲ್ಲ?"

"ಅದು ಸೋಮಾರಿ ಮುಳ್ಳು ಅಂತ ಇಂಜಿನಿಯರೇ ಹೇಳಿದ್ರು. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದೇನೆ. ಎಂತ ಹೆದರಿಕೆ?"

ಶರಾವತಿ ಸೇತುವೆ ದಾಟುವಾಗ ಕಾರು ಹೊಸ ಮದುಮಗಳಂತೆ ಸದ್ದಿಲ್ಲದೆ ನಡೆಯಿತು. ಅಪ್ಸರಕೊಂಡದ ತಿರುವಿನ ನಂತರ ಏದುಸಿರು ಬಂತು. ಮಂಕಿಯಲ್ಲಿ, ಮಾಸ್ತಮ್ಮ ಎಂಬ ಹೆಂಗಸಿನ ತೆಂಗಿನ ತೋಟದ ಎದುರು, ನಿಂತೇಹೋಯಿತು.

ಐದು ನಿಮಿಷದಲ್ಲಿ ಜನ ನೆರೆದರು.

"ಸದ್ದೇ ಇರ್ಲಿಲ್ಲ. ಇಂಜಿನ್ ಹಿಂದೆ ಎಲ್ಲಾದ್ರೂ ಬಿದ್ದು ಹೋತಾ?" ಎಂದನೊಬ್ಬ ಮುದುಕ.

"ಬ್ಯಾಟರಿ ಹೊರಗೆ ತೆಗ್ದು ಬಿಸಿಲಿಗಿಡಿ. ನಮ್ಮ ಟಾರ್ಚಿನ ಸೆಲ್ಲಿಗೆ ಹಾಂಗೇ ಮಾಡೂದು" ಎಂದ ಇನ್ನೊಬ್ಬ.

ಮಾಸ್ತಮ್ಮ ಮಾತ್ರ ಒಳ್ಳೆಯ ಮನಸ್ಸಿನಿಂದ ತನ್ನ ಮನೆಯ ಪ್ಲಗ್ಗು ತೋರಿಸಿದಳು. ತಂತಿ ಸಿಕ್ಕಿಸಿದ ಕೂಡಲೇ ಮೇಲಿನ ಫ್ಯಾನು, ಒಳಗಿನ ಟೀವಿ, ಪಕ್ಕದ ಮನೆಯ ರೇಡಿಯೋ ಒಟ್ಟಿಗೇ ಸತ್ತವು. ಬೀರಪ್ಪ ಕಂಬ ಹತ್ತುವ ಮೊದಲು ತನ್ನ ಕರೆಂಟು ಆಫೀಸಿಗೆ ಫೋನು ಮಾಡಿ ಬಂದು, ತಲೆ ಕೆರೆದುಕೊಂಡ. "ಇದು ನಮ್ಮಿಂದಾದದ್ದಲ್ಲ. ರಿಪೇರಿಗೆ ಅಂತ ಈಗ್ಲೇ ಲೈನು ತೆಗ್ದಿದ್ದಾರಂತೆ. ಸಂಜೆವರೆಗೆ ಇಲ್ಲ."

ಹರಿಹರನಿಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಇಲಾಖೆಯೇ ಹೀಗೆ! ನಿನ್ನೆ ರಾತ್ರೆನೂ ಕರೆಂಟು ತೆಗ್ದಿರ್ತೀರಿ. ಅದ್ಕೇ ಚಾರ್ಜ್ ಆಗ್ಲಿಲ್ಲ."

ಇಷ್ಟು ಜನರೆದುರು ಮಾನ ಹೋದದ್ದನ್ನು ಬೀರಪ್ಪನಿಗೆ ತಡೆಯಲಾಗಲಿಲ್ಲ. "ನಿನ್ನೆ ರಾತ್ರಿ ಡ್ಯೂಟಿಲಿ ನಾನೇ ಇದ್ದದ್ದು. ಒಂದು ನಿಮಿಷ ಹೋಗ್ಲಿಲ್ಲ. ಬೇಕಾರೆ ಮಾಲ್ತಕ್ಕನ್ನೇ ಕೇಳಿ!"

ಮಾಲತಿ ಹೆದರಿದ ಬೆಕ್ಕಿನಂತೆ ಗಂಡನನ್ನು ನೋಡಿದಳು. ಅವನ ತೋಳು ಹಿಡಿದು ಬಾವಿಕಟ್ಟೆಯ ಹತ್ತಿರ ಕರೆದೊಯ್ದಳು.

"ನಾನೇ ತೆಗ್ದದ್ದು" ಎಂದಳು. "ನೀವು ಮಲಗಿದ ಮೇಲೆ ಪ್ಲಗ್ಗು ತೆಗ್ದೆ. ಬೆಳಿಗ್ಗೆ ಮತ್ತೆ ಸಿಕ್ಕಿಸಿದೆ."

"ಎಂತಕ್ಕೆ?"

"ನಿಮ್ಮ ಅಣ್ಣನ ಮನೆ ಮೆಟ್ಟಿಲು ಹತ್ತಲಿಕ್ಕೆ ನನ್ನಿಂದ ಆಗೂದಿಲ್ಲ. ಆರು ವರ್ಷದ ಹಿಂದೆ ಅವ್ರ ಬಳೆ ಕಳೆದ ದಿನ ನಿಮ್ಮ ಅತ್ತಿಗೆ ನೆಂಟರೆದುರು ನನ್ನ ಚೀಲ ಕೊಡವಿದ್ರು. ಬಳೆ ಅವ್ರ ಅಕ್ಕಿ ಡಬ್ಬಿಲೇ ಸಿಕ್ತು. ಒಬ್ರೂ ಒಂದು ಮಾತು ಹೇಳ್ಲಿಲ್ಲ. ನೀವು ಹೇಳಿದ್ದೆಂತ, ನೆನಪುಂಟಾ? 'ದೊಡ್ಡವ್ರು, ಬಿಡು' ಅಂತ."

ಹರಿಹರನಿಗೆ ನೆನಪಿರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

"ಹಂಗಾರೆ ವಾಂತಿ?"

"ಹೊರಡೂ ಮೊದಲು ಉಪ್ಪುನೀರು ಕುಡೀತಿದ್ದೆ. ಸುಳ್ಳು ಗೊತ್ತಾಗ್ಬಾರ್ದು ಅಂತ ಕುಮಟೆಗೆ ಅಮ್ಮನ ಮನೆಗೂ ಆರು ವರ್ಷ ಹೋಗ್ಲಿಲ್ಲ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ನೀವು ವಾಸನೆ ಇಲ್ಲದ್ದು ತಂದ್ರಿ. ಇನ್ನೆಂತ ನೆಪ ಹೇಳೂದು ನಾನು?"

ಹರಿಹರ ಬಾವಿಯೊಳಗೆ ಇಣುಕಿದ. ತಳದಲ್ಲಿ ಅವನದೇ ಮುಖ, ಪಿ.ಎಫ್. ಸಾಲದ ಅರ್ಜಿಯ ಫೋಟೋದಲ್ಲಿದ್ದಷ್ಟೇ ಪೆದ್ದಾಗಿ ಕಾಣಿಸಿತು. ಅಣ್ಣನಿಗೆ ಫೋನು ಮಾಡಿ ಬರಲಾಗುವುದಿಲ್ಲವೆಂದ. ಕಾರಣ ಕೇಳಿದಾಗ ಬ್ಯಾಟರಿ ಎಂದ. ಆಚೆಯಿಂದ ಅತ್ತಿಗೆಯ ನಗು ಕೇಳಿಸಿತು.

ಆ ದಾರಿಯಲ್ಲಿ ಬಂದ ಮೀನು ಟೆಂಪೋದ ಡ್ರೈವರ್ ಹಮ್ಮ ಎಂಬವನು ಕಾರಿಗೆ ಹಗ್ಗ ಕಟ್ಟಿ ಹೊನ್ನಾವರಕ್ಕೆ ಎಳೆದ. ದಾರಿಯುದ್ದಕ್ಕೂ ಟೆಂಪೋದ ಮೀನುನೀರು ಕಾರಿನ ಗಾಜಿನ ಮೇಲೆ ಅಭಿಷೇಕವಾಯಿತು.

ಮನೆ ಮುಟ್ಟುವಾಗ ಜಗುಲಿಯಲ್ಲಿ ದಿನಕರ ಕೂತಿದ್ದ. "ನಂಗೂ ಆ ಕಾರಿನ ಮೇಲೆ ಆಸೆ ಬಂದದೆ ಮಾರಾಯಾ. ನೀ ಕೊಟ್ಟ ರೇಟೇ ಕೊಡ್ತೆ, ನಾಳೆನೇ. ಆದ್ರೆ ಇವತ್ತು ನಿಂತು ಹೋತಂತಲ್ಲ? ಎಂತ ಆತು?"

ಸಾಲ ಒಂದೇ ಏಟಿಗೆ ತೀರುವ ಅವಕಾಶ. ಬ್ಯಾಟರಿ ಗಟ್ಟಿಯಾಗಿದೆ ಎಂದರೆ ಸಾಕಿತ್ತು. ಆದರೆ ಹಾಗೆಂದರೆ ಕಾರು ನಿಂತದ್ದೇಕೆಂದು ಹೇಳಬೇಕು. ಎದುರಿಗೆ ಬೀರಪ್ಪ ಕಿವಿ ನಿಗುರಿಸಿ ನಿಂತಿದ್ದ. ಅವನಿಗೆ ತಿಳಿದದ್ದು ಬೆಳಗಾಗುವುದರೊಳಗೆ ಇಡೀ ಪೇಟೆಗೆ ತಿಳಿಯುತ್ತಿತ್ತು. ಮಾಲತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಬ್ಯಾಟರಿ ಸತ್ತಿದೆ" ಎಂದ ಹರಿಹರ. "ಪೂರ್ತಿ. ಇನ್ನು ಎಂತಕ್ಕೂ ಬಾರದು."

"ಅಯ್ಯೋ, ಹಂಗಾರೆ ಬೇಡಪ್ಪ" ಎಂದು ದಿನಕರ ಚಹಾ ಕೂಡ ಕುಡಿಯದೆ ಎದ್ದ. "ನಾ ಆವತ್ತೇ ಹೇಳಿದ್ದೆ" ಎಂದು, ಆವತ್ತು ಏನೂ ಹೇಳದಿದ್ದ ಬೀರಪ್ಪನೂ ಹೊರಟ.

ಇಬ್ಬರೇ ಉಳಿದಾಗ ಹರಿಹರ ಮೆಲ್ಲಗೆ ಹೇಳಿದ: "ಹೋಗ್ಲಿ. ಬರೋ ಭಾನುವಾರ ನಿನ್ನ ಅಮ್ಮನ ಮನೆಗಾದ್ರೂ ಹೋಗುವ. ಸರಿ ಚಾರ್ಜ್ ಮಾಡಿ, ಈ ಕಾರಲ್ಲೇ."

ಮಾಲತಿ ಅಂಗಳದಲ್ಲಿ ಮೀನುನೀರಿನಿಂದ ನಾರುತ್ತಿದ್ದ ಕಾರನ್ನು ನೋಡಿದಳು.

"ಬಸ್ಸಿಗೇ ಹೋಗುವ" ಎಂದಳು. "ಬಸ್ಸಲ್ಲಿ ಆಗ್ತಿದ್ದದ್ದು ಸುಳ್ಳು. ಇದ್ರಲ್ಲಿ ಕೂತ್ರೆ ನಂಗೆ ನಿಜಕ್ಕೂ ವಾಂತಿ ಬರ್ತದೆ."