ರೆಕಾರ್ಡಿನ ಪ್ರಕಾರ ಬದುಕಿರುವವರು

ಇಂಗ್ಲಿಷಿನಲ್ಲಿ ಎಷ್ಟು ಸಾವಿರ ಪದಗಳಿವೆಯೋ ನನಗೆ ಗೊತ್ತಿಲ್ಲ. ನನ್ನ ಸಂಸಾರ ನಡೆದದ್ದು ಮಾತ್ರ ಒಂದೇ ಪದದ ಮೇಲೆ. ಅದು ‘ರೆಕಾರ್ಡು’. ಬಂಗಾರಪೇಟೆಯ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಾನು ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದೆ. ಇಲಿಗಳಿಗೆ ಹೋಲಿಸಿದರೆ ನನ್ನ ಸರ್ವೀಸು ಕಡಿಮೆಯೇ, ಆದರೆ ಪದದ ಅರ್ಥ ಅವಕ್ಕಿಂತ ನನಗೆ ಚೆನ್ನಾಗಿ ಗೊತ್ತಿದೆ ಎಂಬ ಜಂಬ ನನಗಿತ್ತು. ನಮ್ಮ ಕಡೆಯ ಜನ ಡಾಕ್ಟರ ಚೀಟಿಗೂ ರೆಕಾರ್ಡು ಅನ್ನುತ್ತಾರೆ, ಮದುವೆಯ ಲಗ್ನಪತ್ರಿಕೆಗೂ ರೆಕಾರ್ಡು ಅನ್ನುತ್ತಾರೆ. ನಾನು ಅವರನ್ನು ನಿಲ್ಲಿಸಿ ಪಾಠ ಹೇಳುತ್ತಿದ್ದೆ. ಕಾಗದವೆಲ್ಲ ರೆಕಾರ್ಡಲ್ಲ; ಅದು ರಿಜಿಸ್ಟರಿಗೆ ಏರಬೇಕು, ಅದಕ್ಕೆ ಸಾಹೇಬರ ರುಜು ಬೀಳಬೇಕು, ಮೊಹರು ಬೀಳಬೇಕು, ಆಮೇಲೆ ನನ್ನ ಬೀರುವಿನಲ್ಲಿ ಕೂತು ಧೂಳು ಕುಡಿಯಬೇಕು. ಹಾಗೆ ಏರಿದ್ದು ಸುಳ್ಳಾದರೂ ನಿಜ, ಏರದೆ ಇದ್ದದ್ದು ನಿಜವಾದರೂ ಸುಳ್ಳು. ಮನೆಯಲ್ಲೂ ಇದೇ ಧಾಟಿ ನಡೆದಾಗ ನನ್ನ ಹೆಂಡತಿ, “ಹಾಲು ಒಡೆದಿದೆ ಅಂತ ಹೇಳ್ತಿದ್ದೀನಿ. ರೆಕಾರ್ಡಿನಲ್ಲಿ ಇದೆಯಾ ಅಂತ ಕೇಳ್ಬೇಡಿ, ಬರೀ ಕಾಫಿ ಕುಡೀರಿ,” ಎಂದು ಲೋಟ ಕುಕ್ಕಿ ಹೋಗುತ್ತಿದ್ದಳು.

ಈ ಪಾಠವನ್ನು ನಾನು ಒಮ್ಮೆ ಒಬ್ಬ ಹೆಂಗಸಿಗೆ ಹೇಳಿದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅವಳ ಹೆಸರು ಪಾಪಮ್ಮ. ಗಂಡ ಚಿನ್ನದ ಗಣಿಯಲ್ಲಿ ಕೂಲಿ. ನೆಲದಡಿಯಲ್ಲಿ ಬಂಡೆ ಸಿಡಿದು ಹದಿನೈದು ದಿನದ ಹಿಂದೆ ಸತ್ತಿದ್ದ. ಗಣಿಗೆ ಇಳಿಯುವಾಗ ಪ್ರತಿಯೊಬ್ಬನೂ ತನ್ನ ನಂಬರಿನ ಬಿಲ್ಲೆ ಕೊಟ್ಟು ಇಳಿಯುತ್ತಾನೆ, ಮೇಲೆ ಬಂದು ಅದನ್ನು ಇಸಿದುಕೊಳ್ಳುತ್ತಾನೆ. ಅವತ್ತು ಸಂಜೆ ಹಲಗೆಯ ಮೇಲೆ ಒಂದು ಬಿಲ್ಲೆ ಉಳಿಯಿತು. ಆ ನಂಬರಿನ ಎದುರಿಗೆ ಇದ್ದ ಹೆಸರು ಮುನಿಶಾಮಪ್ಪ. ಆತನ ಹೆಂಡತಿಗೆ ಗಣಿಯ ಆಸ್ಪತ್ರೆಯಲ್ಲಿ ಕಸ ಗುಡಿಸುವ ಕೆಲಸವೂ, ಗಣಿ ಕೂಲಿಗಳ ಲೈನಿನಲ್ಲಿ ಅವರಿದ್ದ ಒಂದು ಕೋಣೆಯ ಮನೆಯಲ್ಲೇ ಇರಲು ಅಪ್ಪಣೆಯೂ ಸಿಗುವುದಿತ್ತು. ಇವಳೇ ಮುನಿಶಾಮಪ್ಪನ ಹೆಂಡತಿ ಎಂದು ನಮ್ಮ ಕಚೇರಿ ಬರೆದುಕೊಟ್ಟರೆ ಆಯಿತು. ಇಲ್ಲವೆಂದರೆ ತಿಂಗಳ ಕೊನೆಗೆ ಮನೆ ಖಾಲಿ. ಜೊತೆಗೆ ಎರಡು ಹೆಣ್ಣುಮಕ್ಕಳು.

ಅವಳು ಅರ್ಜಿ ಕೊಟ್ಟ ದಿನ ಸಂಜೆಯೊಳಗೆ ಬೀರು ತೆಗೆದು ಅವರ ಊರಿನ ಕಟ್ಟು ಬಿಚ್ಚಿದೆ. ಕಾಮಸಮುದ್ರದ ಆಚೆಗಿನ ಸಣ್ಣ ಹಳ್ಳಿ. ಅದರ ಪ್ರಕಾರ ಮುನಿಶಾಮಪ್ಪ ಗಟ್ಟಿಮುಟ್ಟಾಗಿ ಬದುಕಿದ್ದ, ಅವನಿಗೆ ಬೇರೆ ಹೆಂಡತಿಯೂ ಇದ್ದಳು. ಪಾಪಮ್ಮನ ಗಂಡನ ಹೆಸರು ಯಲ್ಲಪ್ಪ, ಮುನಿಶಾಮಪ್ಪನ ತಮ್ಮ. ಮರುದಿನ ವರಾಂಡದಲ್ಲಿ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, “ಏನಮ್ಮಾ, ಭಾವನ್ನ ಗಂಡ ಅಂತ ಬರೆಸಿದ್ದೀಯ? ರೆಕಾರ್ಡು ಅಂದ್ರೆ ಏನು ಅಂತ ಗೊತ್ತಾ ನಿನಗೆ?” ಎಂದು ಶುರುಮಾಡಿ, ರಿಜಿಸ್ಟರು, ರುಜು, ಮೊಹರು ಎಲ್ಲ ಒಪ್ಪಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು. ನಾನು ಮುಗಿಸಿದ ಮೇಲೆ, “ಸತ್ತೋಗಿರೋದು ನಿಜ ಸ್ವಾಮಿ. ಎಸ್ರು ಒಂದು ನಿಜ ಅಲ್ಲ,” ಎಂದಳು.

ಅವಳ ಹಿಂದೆ ಕಂಬಕ್ಕೆ ಒರಗಿ ಕೂತಿದ್ದವನು ಎದ್ದು ಬಂದ. ಅವನೇ ಮುನಿಶಾಮಪ್ಪ. ಗಣಿಯಲ್ಲಿ ಮೊದಲು ಕೆಲಸ ಸಿಕ್ಕಿದ್ದು ಅವನಿಗಂತೆ. ಮೂರನೆಯ ದಿನ, ಕೂಲಿಗಳನ್ನು ಕೆಳಗಿಳಿಸುವ ತೊಟ್ಟಿಲಿನಂಥ ಪಂಜರದಲ್ಲಿ ಕತ್ತಲೆಗೆ ಇಳಿಯುವಾಗ ಅವನಿಗೆ ಜೀವವೇ ಹೋದಂತಾಯಿತು. ಮೇಲೆ ಬಂದವನು ನೇರ ಊರಿಗೆ ನಡೆದು ಆಡು ಕಾಯಲು ನಿಂತ. ಸಿಕ್ಕಿದ ಕೆಲಸ ಬಿಡುವುದುಂಟೇ ಎಂದು ಮಾರನೆಯ ದಿನ ತಮ್ಮ ಅದೇ ಬಿಲ್ಲೆ ಕೊಟ್ಟು ಇಳಿದ. ಆಗೆಲ್ಲ ಹೀಗೆ ನಡೆಯುತ್ತಿತ್ತು. ನಂಬರು ಸರಿಯಿದ್ದರೆ ಮುಖ ನೋಡುವವರು ಯಾರು? ಹದಿನಾಲ್ಕು ವರ್ಷ ಯಲ್ಲಪ್ಪ ಅಣ್ಣನ ಹೆಸರಿನಲ್ಲಿ ಬಂಡೆ ಒಡೆದ, ಅಣ್ಣನ ಹೆಸರಿನಲ್ಲಿ ಕೆಮ್ಮಿದ, ಕೊನೆಗೆ ಅಣ್ಣನ ಹೆಸರಿನಲ್ಲೇ ಸತ್ತ.

ನಿಜ ಬರೆದುಕೊಟ್ಟರೆ, ಹೆಸರು ಬದಲಿಸಿ ದುಡಿದವನ ಹೆಂಡತಿಗೆ ಯಾವ ಕೆಲಸವೂ ಇಲ್ಲ, ಮನೆಯೂ ಇಲ್ಲ. ಇದನ್ನು ಹೇಳಲು ನಾನು ತಡವರಿಸುತ್ತಿದ್ದೆ. ಮುನಿಶಾಮಪ್ಪನೇ ದಾರಿ ತೋರಿಸಿದ.

“ನನ್ನೇ ಸಾಯ್ಸಿಬಿಡಿ ಸ್ವಾಮಿ,” ಎಂದ. “ನನ್ನ ಎಸ್ರು ಅವ್ನು ಇಟ್ಕಂಡ, ಅವ್ನ ಎಸ್ರು ನಾನು ಇಟ್ಕತೀನಿ. ಒಟ್ನಾಗೆ ಒಬ್ನು ಸತ್ತವ್ನೆ, ಒಬ್ನು ಬದುಕವ್ನೆ. ನಿಮ್ಮ ಲೆಕ್ಕ ಸರೋಯ್ತದೆ.”

ಲೆಕ್ಕ ನಿಜವಾಗಿಯೂ ಸರಿಹೋಗುತ್ತಿತ್ತು. ಇಷ್ಟು ವರ್ಷ ಕಟ್ಟು ಬಿಚ್ಚಿ ಕಟ್ಟಿದ ನನಗೆ ಹೊಳೆಯದ್ದು ಆಡು ಕಾಯುವವನಿಗೆ ಹೊಳೆಯಿತು. “ನಿನ್ನ ಹೆಂಡತಿ ಏನಂತಾಳಯ್ಯ?” ಎಂದೆ. “ಕಾಗದದಾಗೆ ಯಾರ ಎಂಡ್ತಿಯಾದ್ರೇನು, ಮುದ್ದೆ ತೊಳಸೋಳು ನಾನೇ ಅಲ್ವಾ, ಅಂದ್ಲು,” ಎಂದ. ಅವನು ಮನೆಯಲ್ಲಿ ಎಲ್ಲ ಮಾತಾಡಿಯೇ ಬಂದಿದ್ದ.

ಊರಿನ ಶಾನುಭೋಗರು ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಮುನಿಶಾಮಪ್ಪ ಮೃತನಾದನೆಂದು, ಅವನ ಹೆಂಡತಿ ಪಾಪಮ್ಮನೆಂದು ಬರೆದರು. ವರದಿ ಕೊಟ್ಟವರು ಎಂಬಲ್ಲಿ ಯಲ್ಲಪ್ಪ, ಮೃತನ ತಮ್ಮ, ಎಂದು ಬರೆಸಿ ಮುನಿಶಾಮಪ್ಪ ಹೆಬ್ಬೆಟ್ಟು ಒತ್ತಿದ. ತನ್ನ ಸಾವಿನ ಸುದ್ದಿಯನ್ನು ತಾನೇ ಅಷ್ಟು ವಿನಯವಾಗಿ ತಿಳಿಸಿದ ಇನ್ನೊಬ್ಬನನ್ನು ನಾನು ಕಂಡಿಲ್ಲ. ನಾನು ನನ್ನ ದುಂಡನೆಯ ಅಕ್ಷರದಲ್ಲಿ ‘ರೆಕಾರ್ಡಿನೊಂದಿಗೆ ತಾಳೆ ನೋಡಲಾಗಿದೆ, ಸರಿಯಿದೆ’ ಎಂದು ಬರೆದು ಸಾಹೇಬರ ಮುಂದೆ ಇಟ್ಟೆ. ಅವರು ಓದದೆ ರುಜು ಹಾಕಿದರು. ಆ ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಕಾರಣ ಕೇಳಿದಳು, ಹೇಳಿದೆ. ಅವಳು, “ಇಷ್ಟು ವರ್ಷಕ್ಕೆ ಒಂದು ಸರಿಯಾದ ಕೆಲಸ ಮಾಡಿದ್ರಿ,” ಎಂದು ಮಜ್ಜಿಗೆ ಬಡಿಸಿದಳು. ನನಗೆ ಸಮಾಧಾನವಾಯಿತೆಂದು ಹೇಳಲಾರೆ. ಕೆಲಸ ಹೋದರೆ ಏನು ಗತಿ ಎಂಬ ಹೆದರಿಕೆಯೇ ಹೆಚ್ಚಾಗಿತ್ತು.

ಪಾಪಮ್ಮನಿಗೆ ಕೆಲಸ ಸಿಕ್ಕಿತು, ಮನೆ ಉಳಿಯಿತು. ಹಳೆಯ ಹೆಸರನ್ನು ಮರೆಯುವ ಕಷ್ಟ ಉಳಿದದ್ದು ಮುನಿಶಾಮಪ್ಪನಿಗೆ. ಕಂದಾಯ ಕಟ್ಟಲು ಬಂದಾಗಲೆಲ್ಲ ರೆಕಾರ್ಡ್ ರೂಮಿನ ಕಿಟಕಿಗೆ ಇಣುಕಿ ಮಾತಾಡಿಸುತ್ತಿದ್ದ. ಒಂದು ಸಲ ಚುನಾವಣೆ ಕಳೆದ ವಾರ ಬಂದು, ಮಸಿ ಹಚ್ಚಿದ ಬೆರಳು ತೋರಿಸಿದ. “ಯಲ್ಲಪ್ಪ ಅಂತ ಕೂಗಿದ್ರು ಸ್ವಾಮಿ. ಅವ್ನು ಬಂದ್ನೇನೋ ಅಂತ ನಾನೇ ಇಂದಕ್ಕೆ ತಿರುಗಿ ನೋಡ್ಬಿಟ್ಟೆ. ಆಮ್ಯಾಕೆ, ಇದೀನಿ, ಅಂತ ಮುಂದಕ್ಕೋದೆ.” ತಿಥಿಯ ದಿನ ಮಾತ್ರ ಎಡೆಯ ಮುಂದೆ ಕೂತು ತಮ್ಮನ ಹೆಸರನ್ನೇ ಹೇಳುತ್ತಾನಂತೆ. “ಅದು ನಿಮ್ಮ ಬೀರುವಿಗೆ ಬರಾಕಿಲ್ವಲ್ಲ,” ಎಂದ. ಅದು ಬರುವುದಿಲ್ಲ ಎಂದು ನಾನೂ ಒಪ್ಪಿದೆ.

ಆಮೇಲೆ ನಾನು ನಿವೃತ್ತನಾದೆ. ಪಿಂಚಣಿಗಾಗಿ ವರ್ಷಕ್ಕೊಮ್ಮೆ ಅದೇ ಕಟ್ಟಡಕ್ಕೆ ಹೋಗಿ, ನಾನಿನ್ನೂ ಬದುಕಿದ್ದೇನೆಂದು ಬರೆಸಿಕೊಂಡು ಬರಬೇಕು. ಈ ಸಲ ಹೋದಾಗ ಅಧಿಕಾರಿ ಹೊಸಬ, ಗುಮಾಸ್ತರೆಲ್ಲ ಹೊಸಬರು. “ನೀವೇ ಅವರು ಅನ್ನೋದಕ್ಕೆ ಏನು ರೆಕಾರ್ಡಿದೆ?” ಎಂದ ಆ ಚಿಗುರು ಮೀಸೆಯ ಅಧಿಕಾರಿ. ಇಪ್ಪತ್ತೆರಡು ವರ್ಷ ಇಲ್ಲೇ ಕೂತಿದ್ದೆನಪ್ಪಾ ಎಂದೆ. ಇರಬಹುದು, ಗುರುತು ಹಿಡಿಯುವವರು ಒಬ್ಬರನ್ನು ಕರೆದುಕೊಂಡು ಬನ್ನಿ ಎಂದ. ಹೊರಗೆ ಬಂದು ನೋಡಿದೆ. ವರಾಂಡದ ತುಂಬ ಜನ, ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಆಗ ಕಂಬದ ಪಕ್ಕದಿಂದ ಒಬ್ಬ ಮುದುಕ ಎದ್ದು, “ಯಾಕ್ ಸ್ವಾಮಿ, ಬೆವತೋಗಿದೀರಿ?” ಎಂದ. ಮುನಿಶಾಮಪ್ಪ ಕಂದಾಯ ಕಟ್ಟಲು ಬಂದಿದ್ದ.

ಅವನು ಒಳಗೆ ಬಂದು, ಇವ್ರನ್ನ ನಾನು ಬಲ್ಲೆ, ಬದುಕೇ ಅವ್ರೆ, ಎಂದು ಹೇಳಿ ಹೆಬ್ಬೆಟ್ಟು ಒತ್ತಿದ. ಅದರ ಕೆಳಗೆ ಅಧಿಕಾರಿ ಹೆಸರು ಬರೆದುಕೊಂಡ: ಯಲ್ಲಪ್ಪ. ಹಾಗಾಗಿ ನಾನು ಬದುಕಿದ್ದೇನೆಂದು ಈಗ ಸರ್ಕಾರ ನಂಬಿದೆ. ಸಾಕ್ಷಿಯ ಹೆಸರಿನ ನಿಜವಾದ ಒಡೆಯ ಬಂಡೆಯಡಿ ಸತ್ತು ಒಂಬತ್ತು ವರ್ಷವಾಯಿತು. ಅಧಿಕಾರಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊಹರು ಸರಿಯಾಗಿ ಬಿದ್ದಿದೆಯೇ ಎಂದು ಮಾತ್ರ ಕಾಗದವನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿಕೊಂಡೆ.