ಅತ್ತೆಯ ಮೂರು ಕೆಜಿ

ತೂಕದ ಯಂತ್ರಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಾನು. ಅಂಗಡಿಯವರೂ ಆಸ್ಪತ್ರೆಯವರೂ ನನ್ನ ಮಾತಿಗೆ ತಲೆದೂಗುತ್ತಾರೆ. ಮನೆಯಲ್ಲಿ ಮಾತ್ರ ನನ್ನ ಮಾತಿಗೆ ತೂಕವಿಲ್ಲ. ಇರುವ ತೂಕವೆಲ್ಲ ಸೊಂಟದ ಸುತ್ತ ಸೇರಿಕೊಂಡಿದೆ.

ನಮ್ಮ ಮನೆಯ ಆರೋಗ್ಯ ಖಾತೆ ಅತ್ತೆಯವರದು. ಕತ್ತಲಾದ ಮೇಲೆ ಸೌತೆಕಾಯಿ ತಿಂದರೆ ನೆಗಡಿ, ನಿಂತು ನೀರು ಕುಡಿದರೆ ಮಂಡಿನೋವು, ಎರಡನೇ ಸಲ ಬಡಿಸಿಕೊಳ್ಳದವನಿಗೆ ನಿಶ್ಶಕ್ತಿ. ಇವು ಅವರ ರಾಜಶಾಸನಗಳು. ಇದಕ್ಕೆಲ್ಲ ಆಧಾರವೇನೆಂದು ಒಂದು ಸಂಜೆ ಕೇಳಿಯೇಬಿಟ್ಟೆ. ತಮ್ಮ ಅಜ್ಜಿ ಹೇಳಿದ್ದು ಎಂದರು. ಅಜ್ಜಿಗೆ ಯಾರು ಹೇಳಿದ್ದು ಎಂದೆ. ಅಜ್ಜಿಗೆ ಏನಾದರೂ ಹೇಳುವ ಧೈರ್ಯ ಯಾರಿಗೂ ಇರಲಿಲ್ಲವಂತೆ.

ನಾನು ವೈಜ್ಞಾನಿಕ ಮನುಷ್ಯ. ಬಸ್ ನಿಲ್ದಾಣದಲ್ಲಿ ಕೊಂಡಿದ್ದ ಆಹಾರದ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಪಂದ್ಯ ಕಟ್ಟಿದೆ. ಒಂದು ತಿಂಗಳು ಅತ್ತೆ ತಮ್ಮ ಅಜ್ಜಿಯ ಪ್ರಕಾರ ತಿನ್ನುವುದು, ನಾನು ಪುಸ್ತಕದ ಪ್ರಕಾರ. ಪ್ರತಿ ಭಾನುವಾರ ಮನೆಯ ಯಂತ್ರದಲ್ಲಿ ಇಬ್ಬರ ತೂಕ. ತೂಕ ಹೆಚ್ಚಿದವರು ಸೋತಂತೆ. ಮೊದಲ ದಿನ ನಾನು ಎಪ್ಪತ್ತೆಂಟು ಕೆಜಿ, ಅತ್ತೆ ಐವತ್ತೆರಡು. ಹೆಂಡತಿ ಟೈಲರ್, ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ. ಇಂಥ ವ್ಯವಹಾರಕ್ಕೆ ತನಗೆ ಪುರುಸೊತ್ತಿಲ್ಲ ಎಂದು ಅವಳು ತಲೆ ಎತ್ತದೆ ಪೆಡಲ್ ತುಳಿದಳು.

ಬೆಳಿಗ್ಗೆ ಓಟ್ಸ್, ಹನ್ನೊಂದಕ್ಕೆ ಒಂದು ಹಿಡಿ ಬಾದಾಮಿ, ನಾಲ್ಕಕ್ಕೆ ಜೇನು ಸುರಿದ ಹಣ್ಣಿನ ರಸ. ಎಲ್ಲವನ್ನೂ ಚಾಚೂ ತಪ್ಪದೆ ಸೇವಿಸಿದೆ. ಜೊತೆಗೆ ಎಂದಿನ ಊಟವನ್ನೂ ಮಾಡಿದೆ. (ಊಟ ಕಡಿಮೆ ಮಾಡಬೇಕೆಂದು ಪುಸ್ತಕದಲ್ಲಿ ಎಲ್ಲೋ ಇತ್ತಂತೆ. ಆ ಪುಟಕ್ಕೆ ನಾನಿನ್ನೂ ಬಂದಿರಲಿಲ್ಲ.) ಎರಡನೇ ಭಾನುವಾರ, ಉಳಿದವರು ಏಳುವ ಮೊದಲೇ ಯಂತ್ರ ಹತ್ತಿದೆ. ಎಂಬತ್ತು.

ಮುಂದೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಇಪ್ಪತ್ತು ವರ್ಷ ಯಾವ ಅಂಗಡಿಯವನ ಒತ್ತಾಯಕ್ಕೂ ಬಗ್ಗಿ ಒಂದು ಗ್ರಾಂ ಸರಿಸದ ಈ ಕೈ, ಯಂತ್ರದ ತಿರುಪನ್ನು ಮೂರು ಕೆಜಿ ಹಿಂದಕ್ಕೆ ತಿರುಗಿಸಿತು. ಮುಳ್ಳು ಸೊನ್ನೆಯ ಹಿಂದೆ ಹೋಗಿ ನಿಂತಿತು. ಖಾಲಿ ಯಂತ್ರವನ್ನು ಯಾರು ನೋಡುತ್ತಾರೆ?

ತಿಂಡಿಯಾದ ಮೇಲೆ ಎಲ್ಲರೆದುರು ಹತ್ತಿದೆ. ಎಪ್ಪತ್ತೇಳು. ವಿಜ್ಞಾನದ ಬಗ್ಗೆ ನಾಲ್ಕು ಮಾತು ಆಡಿ ಕೆಳಗಿಳಿದೆ. ಆಮೇಲೆ ಅತ್ತೆ ಹತ್ತಿದರು. ಅವರೂ ಅದೇ ಯಂತ್ರವನ್ನೇ ಹತ್ತುವವರು ಎಂಬ ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ. ನಲವತ್ತೊಂಬತ್ತು.

ಹೊಲಿಗೆ ನಿಂತಿತು.

"ಹೋದ ವಾರ ಐವತ್ತೆರಡು ಇದ್ದೆಯಲ್ಲಮ್ಮಾ," ಎಂದಳು ಹೆಂಡತಿ.

ಅತ್ತೆ ಬಗ್ಗಿ ಮುಳ್ಳನ್ನು ನೋಡಿದರು. ಎರಡು ದಿನದಿಂದ ಏನೋ ಸುಸ್ತು ಅನ್ನಿಸುತ್ತಿತ್ತು, ಹೇಳಲಿಲ್ಲ ಎಂದರು. ಅಷ್ಟು ಹೇಳಿದ್ದೇ ತಡ, ನಿಜವಾಗಿಯೂ ಸುಸ್ತಾಗಿ ಮಲಗಿಬಿಟ್ಟರು. ಹೆಂಡತಿ ಮದುವೆಯ ಆರ್ಡರುಗಳನ್ನೆಲ್ಲ ಪಕ್ಕಕ್ಕಿಟ್ಟು ತಾಯಿಯ ಕಾಲ ಬಳಿ ಕೂತಳು. ನಿಜ ಹೇಳಿಬಿಡೋಣವೆಂದು ನಾನು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬಾದಾಮಿ ಹಾಕಿ ಮುಚ್ಚಿಕೊಂಡೆ.

ಸೋಮವಾರ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮ ಅತ್ತೆಯವರ ನಾಡಿ, ಕಣ್ಣು, ನಾಲಿಗೆ ನೋಡಿ ತೂಕದ ಯಂತ್ರ ಹತ್ತಿಸಿದರು.

"ಐವತ್ತೆರಡೇ ಇದ್ದಾರಲ್ಲ. ನಿಮ್ಮನೆ ಮಿಷನ್ ಕೆಟ್ಟಿರ್ಬೇಕು. ಯಾರಾದ್ರೂ ಒಳ್ಳೆ ರಿಪೇರಿಯವ್ರಿಗೆ ತೋರಿಸಿ."

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. "ರಿಪೇರಿಯವ್ರು ದಿನಾ ನೋಡ್ತಾನೇ ಇರ್ತಾರೆ, ಡಾಕ್ಟ್ರೇ. ಮೊನ್ನೆ ಇವ್ರ ಪ್ಯಾಂಟಿಗೆ ಸೊಂಟದಲ್ಲಿ ಒಂದಿಂಚು ಸಡಿಲ ಮಾಡಿಕೊಟ್ಟೆ. ನನಗೆ ಆಗ್ಲೇ ತಿಳೀಬೇಕಿತ್ತು."

ಒಪ್ಪಿಕೊಂಡೆ. ಸುಸ್ತೆಲ್ಲ ಮರೆತ ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಬ್ಯಾಗಿನಿಂದ ಬಿಸ್ಕತ್ತು ತೆಗೆದು ತಿಂದರು. ಡಾಕ್ಟರಮ್ಮ ಇಬ್ಬರ ಊಟದ ವಿಚಾರ ಕೇಳಿದರು. ಸೌತೆಕಾಯಿಗೆ ಹಗಲು ರಾತ್ರಿಯ ಭೇದವಿಲ್ಲ, ನೀರನ್ನು ಹೇಗೆ ಬೇಕಾದರೂ ಕುಡಿಯಬಹುದು ಎಂದಾಗ ನಾನು ಅತ್ತೆಯ ಕಡೆ ನೋಡಿದೆ. ಆದರೆ ಎರಡನೇ ಸಲ ಬಡಿಸಿಕೊಳ್ಳುವುದನ್ನು ನಾನೇಕೆ ನಿಲ್ಲಿಸಲಿಲ್ಲ ಎಂದು ಡಾಕ್ಟರಮ್ಮ ಕೇಳಿದಾಗ ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ನೀವೂ ಎರಡು ಸಲ ಬಡಿಸ್ಕೋತೀರಾ?" ಎಂದು ಅತ್ತೆಯನ್ನು ಕೇಳಿದರು.

"ಇಲ್ಲಪ್ಪ. ನಾನು ಬಡಿಸೋದು ಮಾತ್ರ."

ಆಮೇಲೆ ನನ್ನ ಸರದಿ. ಎಂಬತ್ತೂವರೆ. ಕೊನೆಯ ಮರ್ಯಾದೆಗಾಗಿ, ಈ ಯಂತ್ರವೂ ತಪ್ಪಿರಬಹುದು ಎಂದೆ. ಹೇಗೂ ಈ ತಿಂಗಳು ಪರೀಕ್ಷೆ ಮಾಡಿಸಬೇಕಿತ್ತು, ನೀವೇ ನೋಡಿಬಿಡಿ ಎಂದರು ಡಾಕ್ಟರಮ್ಮ. ಕೆಲಸದ ಚೀಲ ಹೆಗಲಲ್ಲೇ ಇತ್ತು. ಮೂವರ ಎದುರು ಮಂಡಿಯೂರಿ, ತೂಕದ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. 'ಈ ಯಂತ್ರ ತೋರಿಸುವ ತೂಕ ನಿಖರವಾಗಿದೆ' ಎಂದು ಚೀಟಿ ಬರೆದು ಸಹಿ ಹಾಕಿದೆ.

"ಇದ್ರದ್ದೊಂದು ಪ್ರತಿ ನಮಗೂ ಕೊಡಿ, ಅಳಿಯಂದ್ರೇ," ಎಂದರು ಅತ್ತೆ. "ಕೆಳಗೆ ನಿಮ್ಮ ತೂಕಾನೂ ಬರೀರಿ. ಅಡುಗೆಮನೇಲಿ ಅಂಟಿಸ್ತೀನಿ."

ಬರೆದುಕೊಟ್ಟೆ. ಅದಕ್ಕೂ ಸಹಿ ಹಾಕಿಸಿಕೊಂಡರು.