ಮೇಡಂ ವಿಡಿಯೊ, ನನ್ನ ಕತ್ತರಿ

ಕನ್ನಡ ತೆಲುಗು ಎರಡೂ ಬೆರೆತ ಆದೋನಿಯ ನಮ್ಮ ಡಿಗ್ರಿ ಕಾಲೇಜಿಗೆ ಕ್ಯಾಮೆರಾ ಬಂದಾಗಿನಿಂದ ಇಂಥ ಪೇಚಾಟ ನಡೆಯುತ್ತಲೇ ಇವೆ. ಪಾಠಗಳನ್ನು ರೆಕಾರ್ಡ್ ಮಾಡಿ ಆನ್‌ಲೈನಿನಲ್ಲಿ ಹಾಕಬೇಕು, ಹೆಚ್ಚು ಜನ ನೋಡಿದ ಒಂದನ್ನು ವರ್ಷದ ಕೊನೆಗೆ ಯೂನಿವರ್ಸಿಟಿಗೆ ಕಳಿಸಬೇಕು ಎಂದು ಆದೇಶ ಬಂತು. ಇಪ್ಪತ್ತೆರಡು ವರ್ಷದಿಂದ ಚರಿತ್ರೆ ಹೇಳುತ್ತಿರುವ ನನ್ನದೇ ಹೋಗುತ್ತದೆ ಅಂದುಕೊಂಡೆ. ಆದರೆ ಬಾಟನಿ ಮೇಡಂ ಬಂದು ಮೂರು ವರ್ಷ ತುಂಬಿಲ್ಲ, ಅವರ ವಿಡಿಯೊಗೆ ಹುಡುಗರು ಮುಗಿಬಿದ್ದರು. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಟ್ಟು ಏನು ಪ್ರಯೋಜನ? ಪುಣ್ಯಕ್ಕೆ ಸೀನಿಯರ್ ಎಂದು ಕಾಪಿರೈಟ್ ನೋಡುವ ಕೆಲಸ ನನಗೇ ಬಂದಿತ್ತು. ಪಾಠದಲ್ಲಿ ಬೇರೆಯವರದು ಏನಿದ್ದರೂ ಅವರ ಸಹಿ ಬೇಕು, ಇಲ್ಲದಿದ್ದರೆ ಕತ್ತರಿ.

ಎಲೆಯ ಫೋಟೊ

ಮೇಡಂ ಪಾಠದ ತುಂಬ ಬಣ್ಣಬಣ್ಣದ ಎಲೆ, ಹೂವು.

"ಈ ಫೋಟೊ ಯಾರದು ಮೇಡಂ?"

"ನೆಟ್ಟಿನ್ಯಾಗ ಸಿಕ್ಕಾವ್ರಿ ಸರ್."

"ಸಿಕ್ಕಿದ್ದೆಲ್ಲ ನಮ್ಮದಾಗ್ತೈತೇನ್ರಿ? ತೆಗದವ್ರ ಸಹಿ ತರ್ರಿ, ಇಲ್ಲಾಂದ್ರ ತೆಗೀರಿ."

ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದರು. ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಮರುವಾರ ನೋಡುತ್ತೇನೆ, ಆಸ್ಪರಿ ಕಡೆಯ ಹೊಲದಿಂದ ಬೇರುಸಮೇತ ಹತ್ತಿಗಿಡ ತಂದು ಮೇಜಿನ ಮೇಲೆ ನಿಲ್ಲಿಸಿದ್ದಾರೆ. ಹುಡುಗರು ಕಾಯಿ ಬಿಡಿಸಿ ನೋಡುತ್ತಿದ್ದಾರೆ. ಮೊದಲಿಗಿಂತ ದುಪ್ಪಟ್ಟು ಜನ ನೋಡಿದರು. ಗಿಡದ ಮಾಲೀಕರ ಸಹಿ ಕೇಳಿದೆ. ಅದನ್ನೂ ತಂದಿದ್ದರು. ಕೆಳಗೆ ಹೆಬ್ಬೆಟ್ಟು ಬೇರೆ.

ಐವತ್ತು ನಿಮಿಷ

ಮುಂದಿನ ಪಾಠಕ್ಕೆ ನಾನೇ ಕೂತು ಕತ್ತರಿ ಹಾಕಿದೆ. ನೆನಪಿಡಲು ಅನುಕೂಲವೆಂದು ಸಿನಿಮಾ ಹಾಡಿನ ಧಾಟಿಯಲ್ಲಿ ಹೂವಿನ ಭಾಗಗಳನ್ನು ಹೇಳಿಕೊಟ್ಟಿದ್ದರು, ತೆಗೆದೆ. ಪುಸ್ತಕ ಹಿಡಿದು ಪುಟಗಟ್ಟಲೆ ಓದಿದ್ದರು, ಅದು ಪ್ರಕಾಶಕರದು ಎಂದು ತೆಗೆದೆ. ಐವತ್ತು ನಿಮಿಷದ ಪಾಠ ಹನ್ನೊಂದು ನಿಮಿಷವಾಯಿತು. ಇನ್ನು ಇದನ್ನು ಯಾರು ನೋಡುತ್ತಾರೆ ಎಂದು ನಿಶ್ಚಿಂತನಾದೆ.

ಮೂರನೇ ದಿನ ಹುಡುಗರ ಗುಂಪೊಂದು ಸ್ಟಾಫ್ ರೂಮಿಗೆ ಬಂತು. "ಸರ್, ಮೇಡಂ ಪಾಠ ಸಣ್ಣದು ಮಾಡಿದ್ದು ನೀವಂತಲ್ರಿ. ಚಾಲಾ ಥ್ಯಾಂಕ್ಸ್ ಸರ್. ಎಲ್ಲಾರೂ ಪೂರ್ತಿ ನೋಡಾಕತ್ತಾರ."

ಹೋಗುವಾಗ ಒಬ್ಬ ತಿರುಗಿ ಕೇಳಿದ: "ನಿಮ್ಮದೂ ಹಂಗ ಮಾಡಾಕ ಬರಂಗಿಲ್ಲೇನ್ರಿ?"

ನನ್ನ ನೋಟ್ಸ್

ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಅಂದರೆ ಇದು. "ರೂಲ್ ಎಲ್ಲಾರಿಗೂ ಒಂದೇ ಕದಾ ಸರ್" ಎಂದು ಪ್ರಿನ್ಸಿಪಾಲರು ನನ್ನ ಪಾಠ ನೋಡುವ ಕೆಲಸವನ್ನು ಮೇಡಂಗೆ ಕೊಟ್ಟರು. ಅವರು ಮುಂದೆ ಕೂತು ಮೆತ್ತಗೆ ಕೇಳಿದರು: "ಸರ್, ರಾಜರು ಯಾರ ಆಸ್ತಿನೂ ಅಲ್ಲರಿ, ಖರೆ. ಆದ್ರ ಈ ವಾಕ್ಯ ಯಾರವು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಾನು ಡಿಕ್ಟೇಟ್ ಮಾಡುವುದು ನನ್ನ ಮೇಷ್ಟ್ರ ನೋಟ್‌ಬುಕ್ಕಿನಿಂದ. ರಿಟೈರಾಗಿ ಮದ್ದಿಕೇರದಲ್ಲಿರುವ ಅವರಿಗೇ ಮೇಡಂ ಎದುರೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಒಪ್ಪಿಗೆ ಕೇಳಿದೆ.

"ನಾ ಹೆಂಗ ಕೊಡ್ಲೋ? ಅದು ನಮ್ಮ ಮೇಷ್ಟ್ರು ಬರಸಿದ್ದು. ಅವ್ರು ತೀರಿಹೋಗ್ಯಾರ. ನೀ ಇನ್ನೂ ಅದನ್ನ ಹೇಳಾಕತ್ತಿಯೇನು?"

ಮೇಡಂ ನಗಲಿಲ್ಲ. ಅವರು ನಕ್ಕಿದ್ದರೇ ಚೆನ್ನಾಗಿತ್ತು.

ನನ್ನದೆಂಬುದು

ಕತ್ತರಿ ಆಡಿದ ಮೇಲೆ ನನ್ನ ಪಾಠದಲ್ಲಿ ಉಳಿದದ್ದು ಆರು ನಿಮಿಷ, ಬರೀ ಹಾಜರಿ ಕೂಗಿದ್ದು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಸ್ವಂತದ್ದು ಅಷ್ಟೇ ಎಂದು ತಿಳಿದಾಗ ನಿಜವಾಗಿ ಸಂಕಟವಾಯಿತು. ಕೂಗಿದ ಹೆಸರುಗಳು ಹುಡುಗರವು ತಾನೇ, ಅವರು ನಗುನಗುತ್ತ ಸಹಿ ಹಾಕಿದರು. ಹಟಕ್ಕೆ ಅದನ್ನೇ ಆನ್‌ಲೈನಿನಲ್ಲಿ ಹಾಕಿಸಿದೆ.

ಉರುಕುಂದದ ಈರಣ್ಣ ದೇವರ ಹೆಸರಿಡದ ಮನೆ ನಮ್ಮ ಕಡೆ ಕಡಿಮೆ. ಎಲ್ಲ ಕೋರ್ಸಿನವರೂ ಕೂರುವ ನನ್ನ ಕ್ಲಾಸಿನಲ್ಲೇ ಒಂಬತ್ತು ಈರಣ್ಣರು, ನಾಲ್ಕು ಈರಮ್ಮರು. ಹಾಗಾಗಿ ನಾನು ಊರು ಸೇರಿಸಿ ಕೂಗುತ್ತೇನೆ, ಜೊತೆಗೆ ಒಂದು ಮಾತು ಆಡುತ್ತೇನೆ. "ಆಸ್ಪರಿ ಈರಣ್ಣ, ಅವ್ವನ ಮೊಣಕಾಲು ಹೆಂಗೈತಪ್ಪ?" "ಮದ್ದಿಕೇರ ಈರಮ್ಮ, ಬಸ್ಸಿನ್ಯಾಗ ಸೀಟು ಸಿಕ್ತೇನವ್ವ?"

ಊರೂರಲ್ಲಿ ಅಪ್ಪ ಅವ್ವಂದಿರು, ಅಜ್ಜಿಯರು ತಮ್ಮ ಈರಣ್ಣನ ಹೆಸರು ಬರುವವರೆಗೂ ಕೂತು ನೋಡಿದರು, ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು. ವರ್ಷದ ಕೊನೆಗೆ ಮೇಡಂ ಹತ್ತಿಗಿಡ ಎರಡನೆಯದಾಯಿತು. ನನ್ನ ಹಾಜರಿ ಯೂನಿವರ್ಸಿಟಿಗೆ ಹೋಯಿತು. ಮೇಡಂ ಬಂದು ಕೈಮುಗಿದು, "ನನಗ ಭಾಳ ಹೊಟ್ಟಿಕಿಚ್ಚಾಗೈತ್ರಿ ಸರ್" ಅಂದರು. ಆ ಮಾತು ಕೇಳಿ ಎಷ್ಟು ಖುಷಿಯಾಯಿತೆಂದರೆ, ಅವರ ಮೇಲೆ ಮೊದಲ ಸಲ ಪ್ರೀತಿ ಬಂತು.

ಪ್ರೀತಿ ಒಂದೇ ದಿನ ಇತ್ತು. ಮರುದಿನ ಬಾಟನಿ ಕ್ಲಾಸಿನ ಮುಂದೆ ಹಾಯುವಾಗ ಒಳಗೆ ಕ್ಯಾಮೆರಾ ಓಡುತ್ತಿತ್ತು. ಮೇಡಂ ಧ್ವನಿ ಕೇಳಿಸಿತು: "ಆಸ್ಪರಿ ಈರಣ್ಣ, ಅವ್ವನ ಮೊಣಕಾಲು ಹೆಂಗೈತಿ?"

ಸೀದಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, ನಿಂತಲ್ಲೇ ಆಕ್ಷೇಪಣೆ ಬರೆದುಕೊಟ್ಟೆ. ಆ ಪ್ರಶ್ನೆ ನನ್ನ ಸ್ವಂತದ್ದು, ನನ್ನ ಸಹಿ ಇಲ್ಲದೆ ಯಾರೂ ಬಳಸುವಂತಿಲ್ಲ. ಅವರು ಪೂರ್ತಿ ಓದಿ, ಕನ್ನಡಕ ತೆಗೆದು, ನನ್ನನ್ನೇ ನೋಡಿದರು.

"ಸರ್, ಮೊಣಕಾಲು ಆ ಅವ್ವಂದು. ನೀವು ಆಕಿ ಸಹಿ ತಗೊಂಡೀರೇನು?"